ಹಳೆಯ ಕಾರಿನ ಇಳಿಜಾರು ಬೆನ್ನು ಚಿತ್ರದಲ್ಲಿ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ನಮ್ಮ ತಾತನವರು ರೇಷ್ಮೆ ನೂಲಿನ ವ್ಯಾಪಾರದಲ್ಲಿದ್ದಾಗ ಕೊಂಡ 1948ರ ಷೆವರ್ಲೆ ಫ್ಲೀಟ್‌ಲೈನ್ ಏರೋಸೆಡಾನ್ ಕಾರು ಈಗಲೂ ನಮ್ಮ ಮನೆಯಲ್ಲಿದೆ. ಬಣ್ಣ ಕಡುಹಸಿರು, ಓಡುವ ಸ್ಥಿತಿಯಲ್ಲಿದೆ. ಛಾವಣಿಯಿಂದ ಹಿಂದಿನ ಬಂಪರಿನವರೆಗೆ ಒಂದೇ ಇಳಿಜಾರಿನಲ್ಲಿ ಇಳಿಯುವ ಅದರ ಮೈಯನ್ನು ಎದುರು ನಿಂತು ನೋಡಿದಾಗ ಆಗುವ ಸಂತೋಷ ನಾನು ತೆಗೆದ ಒಂದು ಚಿತ್ರದಲ್ಲೂ ಇಲ್ಲ. ಮುಂಭಾಗ ಊದಿಕೊಂಡಂತೆ, ಹಿಂಭಾಗ ಕುಗ್ಗಿದಂತೆ ಕಾಣುತ್ತದೆ. ಬಾಗಿಲಿನ ಮೇಲೆ ಎದುರುಮನೆಯ ಗೋಡೆಯೂ ಕರೆಂಟ್ ಕಂಬವೂ ಮೂಡುತ್ತವೆ. ನನ್ನ ಬಳಿ ಮೊಬೈಲ್ ಇದೆ; 18–55 ಮತ್ತು 55–250 ಮಿ.ಮೀ. ಲೆನ್ಸ್‌ಗಳಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೂಡ ಇದೆ. ಎಡಬದಿಯ ಹಿಂದಿನ ಮಡ್‌ಗಾರ್ಡಿನಲ್ಲಿ ಅಂಗೈಯಗಲದ ತಗ್ಗೊಂದಿದೆ. ಟಿಂಕರಿಂಗ್ ಮಾಡಿಸಿದ ಮೇಲೆ ಚಿತ್ರ ತೆಗೆಯುವುದು ಒಳ್ಳೆಯದೇ, ಅಥವಾ ಈಗಲೇ ತೆಗೆಯಬಹುದೇ?
— ಓದುಗರು, ಶಿಡ್ಲಘಟ್ಟ

ಉತ್ತರ: ನೀವು ಹೇಳಿರುವ ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಮೂಲ ಬಹುಮಟ್ಟಿಗೆ ಒಂದೇ. ಜೀಪನ್ನೋ 1930ರ ಸುಮಾರಿನ ಫೋರ್ಡ್ ಮಾಡೆಲ್ ಎ ಕಾರನ್ನೋ ಚಿತ್ರಿಸುವವರಿಗೆ ಈ ಕಷ್ಟ ಇಷ್ಟಾಗಿ ಬರುವುದಿಲ್ಲ, ಏಕೆಂದರೆ ಅಂಥ ವಾಹನಗಳಿಗೆ ಅಂಚುಗಳಿವೆ, ಮೂಲೆಗಳಿವೆ. ಬೆಳಕು ಹೇಗೇ ಬಿದ್ದರೂ ಅಂಚಿನ ಒಂದು ಮಗ್ಗುಲು ಬೆಳಗುತ್ತದೆ, ಇನ್ನೊಂದು ಮಗ್ಗುಲು ನೆರಳಾಗುತ್ತದೆ, ಆಕಾರ ತಾನಾಗಿ ತಿಳಿಯುತ್ತದೆ. ನಿಮ್ಮ ಕಾರಿನಲ್ಲಿ ಅಂಚು ಎನ್ನುವುದೇ ಅಪರೂಪ. ಮುಂದಿನ ಮಡ್‌ಗಾರ್ಡು ಹೆಡ್‌ಲೈಟಿನ ಸುತ್ತ ದುಂಡಾಗಿ ಎದ್ದು ಬಾಗಿಲಿನೊಳಕ್ಕೆ ಕರಗಿಹೋಗುತ್ತದೆ. ಛಾವಣಿ ಎಲ್ಲಿ ಮುಗಿಯಿತು, ಹಿಂದಿನ ಗಾಜು ಎಲ್ಲಿ ಕೂತಿತು, ಡಿಕ್ಕಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇಂಥ ಮೈಯ ಆಕಾರವನ್ನು ಕಣ್ಣು ತಿಳಿದುಕೊಳ್ಳುವುದು ಅದರ ಮೇಲೆ ಮೂಡುವ ಪ್ರತಿಬಿಂಬ ಹೇಗೆ ಬಾಗುತ್ತದೆ ಎನ್ನುವುದರಿಂದ. ಪಾಲಿಶ್ ಮಾಡಿದ ಕಡುಹಸಿರು ಬಣ್ಣವೆಂದರೆ ಒಂದು ಕಪ್ಪು ಕನ್ನಡಿ. ಆ ಕನ್ನಡಿಯಲ್ಲಿ ಹೆಡ್‌ಲೈಟಿನಿಂದ ಹಿಡಿದು ಬಾಲದವರೆಗೆ ಒಂದು ಬೆಳಕಿನ ಗೆರೆ ಎಲ್ಲಿಯೂ ಮುರಿಯದೆ ಹರಿದರೆ ಚಿತ್ರ ಗೆದ್ದಿತು. ಅದು ಗೋಡೆ, ಕಂಬ, ಕಿಟಕಿಗಳಿಂದ ಚೂರುಚೂರಾದರೆ ಎಷ್ಟು ಬೆಲೆಯ ಕ್ಯಾಮೆರಾ ಇದ್ದರೂ ಫಲವಿಲ್ಲ.

ಇದನ್ನು ರೇಷ್ಮೆಯ ಮನೆತನದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನೂಲಿನ ಹೊಳಪನ್ನು ಪರೀಕ್ಷಿಸುವವರು ಲಡಿಯನ್ನು ಅಂಗಡಿಯೊಳಗಿನ ಟ್ಯೂಬ್‌ಲೈಟಿನ ಕೆಳಗೆ ನೋಡಿ ಸುಮ್ಮನಾಗುವುದಿಲ್ಲ. ಬಾಗಿಲ ಬಳಿಗೆ ತಂದು, ಆಕಾಶದ ಬೆಳಕಿಗೆ ಹಿಡಿದು, ಮಣಿಕಟ್ಟನ್ನು ನಿಧಾನವಾಗಿ ತಿರುಗಿಸುತ್ತಾ ಹೊಳಪಿನ ಪಟ್ಟಿ ಹೇಗೆ ಸರಿಯುತ್ತದೆ ಎಂದು ನೋಡುತ್ತಾರೆ. ನೀವು ಮಾಡಬೇಕಾದ ಕೆಲಸವೂ ಅದೇ, ಆದರೆ ಇಲ್ಲಿ ತಿರುಗಿಸಬೇಕಾದ ವಸ್ತುವಿನ ಉದ್ದ ಸುಮಾರು 5 ಮೀಟರ್. ಆದ್ದರಿಂದ ಜಾಗ ಹುಡುಕುವಾಗ ಕಾರಿನ ಹಿಂದೆ ಏನು ಕಾಣುತ್ತದೆ ಎಂದು ನೋಡುವ ಮುಂಚೆ, ಕಾರಿಗೆ ಎದುರಾಗಿ ನಿಂತ ನಿಮ್ಮ ಬೆನ್ನ ಹಿಂದೆ ಏನಿದೆ ಎಂದು ನೋಡಿಕೊಳ್ಳಿ. ಬಾಗಿಲಿನ ಮೇಲೆ ಮೂಡುವುದು ನಿಮ್ಮ ಬೆನ್ನ ಹಿಂದಿನ ಲೋಕ.

ಈ ಮೈ ಹೀಗೇಕೆ ರೂಪುಗೊಂಡಿತು ಎಂದು ಸ್ವಲ್ಪ ತಿಳಿದಿದ್ದರೆ ಯಾವ ಕೋನದಿಂದ ತೆಗೆಯಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಗಾಳಿಯನ್ನು ಸೀಳುವುದಕ್ಕೆ ಮೂತಿ ಚೂಪಾಗಿರಬೇಕು ಎಂದು ಬಹಳ ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಗಾಳಿಯ ತಡೆ ಹೆಚ್ಚಾಗಿ ಹುಟ್ಟುವುದು ಹಿಂಭಾಗದಲ್ಲಿ. ಮೈಯನ್ನು ಸುತ್ತಿಕೊಂಡು ಬಂದ ಗಾಳಿ ಹಿಂದೆ ನಯವಾಗಿ ಕೂಡಿಕೊಳ್ಳಲಾರದೆ ಸುಳಿಗಳಾಗಿ ಒಡೆದಾಗ ಕಾರು ಹಿಂದಕ್ಕೆ ಎಳೆದಂತಾಗುತ್ತದೆ. ಕ್ರೈಸ್ಲರ್ ಕಂಪನಿಯ ಎಂಜಿನಿಯರ್ ಕಾರ್ಲ್ ಬ್ರೀರ್ ಮತ್ತು ಅವರ ಸಂಗಡಿಗರು ಗಾಳಿ ಸುರಂಗದಲ್ಲಿ (ಯಂತ್ರದಿಂದ ಗಾಳಿ ಬೀಸಿ ನೋಡುವ ಕೊಠಡಿಯಲ್ಲಿ) ಪರೀಕ್ಷೆ ನಡೆಸಿದಾಗ, ಆ ಕಾಲದ ಡಬ್ಬಿಯಾಕಾರದ ಕಾರುಗಳು ಮುಮ್ಮುಖವಾಗಿ ಇಟ್ಟಾಗ ಎದುರಿಸುವುದಕ್ಕಿಂತ ಕಡಿಮೆ ತಡೆಯನ್ನು ಹಿಮ್ಮುಖವಾಗಿ ಇಟ್ಟಾಗ ಎದುರಿಸುವುದನ್ನು ಕಂಡರು. ಆ ತಿಳಿವಳಿಕೆಯಿಂದ 1934ರಲ್ಲಿ ಕ್ರೈಸ್ಲರ್ ಏರ್‌ಫ್ಲೋ ಬಂದಿತು. ಮಾರುಕಟ್ಟೆಯಲ್ಲಿ ಸೋತರೂ ಮುಂದಿನವರಿಗೆ ದಾರಿ ತೋರಿತು. ಅದೇ ವರ್ಷ ಚೆಕೊಸ್ಲೊವಾಕಿಯಾದಲ್ಲಿ ಟಾಟ್ರಾ 77 ಹೊರಬಂದಿತು. ಜೆಪ್ಪೆಲಿನ್ ವಾಯುನೌಕೆಗಳ ಕೆಲಸದಲ್ಲಿ ಪಳಗಿದ್ದ ಪಾಲ್ ಯಾರಾಯ್ ಅವರ ತತ್ತ್ವಗಳನ್ನು ಅನುಸರಿಸಿದ ಆ ಕಾರು ನೀರಿನ ಹನಿಯಂತೆ ಮುಂದೆ ದುಂಡಾಗಿದ್ದು ಹಿಂದಕ್ಕೆ ಹೋದಂತೆ ಸಣ್ಣಗಾಗುತ್ತದೆ.

ನಿಮ್ಮ ಫ್ಲೀಟ್‌ಲೈನ್ ಈ ವಂಶದ ಕೂಸೇ ಆದರೂ ಅದು ಬೆಳೆದ ಮನೆ ಬೇರೆ. ಷೆವರ್ಲೆಯ ಒಡೆಯ ಕಂಪನಿಯಾದ ಜನರಲ್ ಮೋಟರ್ಸ್‌ನಲ್ಲಿ 1927ರಿಂದ ವಿನ್ಯಾಸ ವಿಭಾಗವನ್ನು ಕಟ್ಟಿ ಬೆಳೆಸಿದ ಹಾರ್ಲಿ ಅರ್ಲ್ ಕಾರಿನ ಪೂರ್ಣಗಾತ್ರದ ಮಾದರಿಯನ್ನು ಜೇಡಿಮಣ್ಣಿನಲ್ಲಿ ತಿದ್ದಿ ನೋಡುವ ಕ್ರಮವನ್ನು ಬಳಕೆಗೆ ತಂದವರು. ಅಂದರೆ ಈ ಮೈಯನ್ನು ಲೆಕ್ಕಕ್ಕಿಂತ ಹೆಚ್ಚಾಗಿ ಕೈಯಿಂದ ಸವರಿ, ಕಣ್ಣಿನಿಂದ ಅಳೆದು ರೂಪಿಸಲಾಗಿದೆ. ಅಮೆರಿಕದ ಕಾರುಗಳಲ್ಲಿ ಆ ಹೊತ್ತಿಗೆ ಸ್ಟ್ರೀಮ್‌ಲೈನ್ (ಗಾಳಿ ನಯವಾಗಿ ಹರಿಯುವಂತೆ ರೂಪಿಸಿದ ಆಕಾರ) ಎನ್ನುವುದು ಬಹುಮಟ್ಟಿಗೆ ನಿಂತ ಕಾರಿನಲ್ಲಿಯೂ ವೇಗವನ್ನು ಕಾಣಿಸುವ ಕಲೆಯಾಗಿತ್ತು. ಮಡ್‌ಗಾರ್ಡುಗಳ ಮೇಲೆ ಒಂದರ ಕೆಳಗೊಂದು ಹಾಯ್ದಿರುವ ಮೂರು ಹೊಳೆಯುವ ಲೋಹದ ಪಟ್ಟಿಗಳನ್ನು ನೋಡಿ; ಗಾಳಿಗೂ ಅವಕ್ಕೂ ಸಂಬಂಧವಿಲ್ಲ, ಅವು ಕಣ್ಣಿಗಾಗಿ ಎಳೆದ ವೇಗದ ಗೆರೆಗಳು. ನನ್ನ ದೃಷ್ಟಿಯಲ್ಲಿ ಇದು ಕೊರತೆಯೇನಲ್ಲ. ಕಣ್ಣಿಗಾಗಿ ಮಾಡಿದ್ದು ಕ್ಯಾಮೆರಾಕ್ಕೆ ಒಲಿಯಲೇಬೇಕು.

ಇದರಿಂದ ತಿಳಿಯಬೇಕಾದ ಮಾತೆಂದರೆ, ಈ ಕಾರಿನ ಮುಖ್ಯ ನೋಟ ಮುಂದಿನದಲ್ಲ, ಹಿಂದಿನದು. ಕಾರಿನ ಚಿತ್ರವೆಂದರೆ ಗ್ರಿಲ್ಲು, ಹೆಡ್‌ಲೈಟು ಕಾಣುವ ಮುಂದಿನ ಓರೆ ನೋಟವೆಂದು ಎಲ್ಲರೂ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ತೆಗೆದರೆ ನಿಮ್ಮ ಏರೋಸೆಡಾನ್‌ಗೂ ಅದೇ ವರ್ಷದ ಸಾಧಾರಣ ಷೆವರ್ಲೆ ಸೆಡಾನ್‌ಗೂ ಹೆಚ್ಚು ವ್ಯತ್ಯಾಸ ಕಾಣಿಸದು. ಹಿಂದಿನ ಚಕ್ರದಿಂದ ಓರೆಯಾಗಿ ಸರಿದು, ಇಳಿಜಾರು ಬೆನ್ನೂ ಬಾಗಿಲ ಮಗ್ಗುಲೂ ಒಟ್ಟಿಗೆ ಕಾಣುವಲ್ಲಿ ನಿಂತು ಮೊದಲ ಚಿತ್ರ ತೆಗೆಯಿರಿ.

ಇನ್ನು ಮೂತಿ ಊದಿಕೊಳ್ಳುವ ವಿಷಯ. ಇದು ಲೆನ್ಸಿನ ದೋಷವೆಂದು ಹಲವರು ತಿಳಿಯುತ್ತಾರೆ. ನಿಜವಾಗಿ ಇದು ದೂರದ ಲೆಕ್ಕ. ಮೊಬೈಲಿನ ಸಾಮಾನ್ಯ ಕ್ಯಾಮೆರಾ ಅಗಲ ನೋಟದ್ದಾದ್ದರಿಂದ ಕಾರು ಚೌಕಟ್ಟು ತುಂಬಬೇಕಾದರೆ ನೀವು ಹತ್ತಿರ ಹೋಗಲೇಬೇಕಾಗುತ್ತದೆ. ಓರೆಯಾಗಿ ನಿಂತಾಗ ಕಾರಿನ ಮೂತಿ ನಿಮ್ಮಿಂದ ಎರಡೂವರೆ ಮೀಟರ್ ದೂರದಲ್ಲಿದ್ದು ಬಾಲ ಆರೂವರೆ ಮೀಟರ್ ದೂರದಲ್ಲಿದ್ದರೆ, ಮೂತಿಯ ಕಡೆಯ ಭಾಗಗಳು ಬಾಲದ ಕಡೆಯ ಭಾಗಗಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ದೊಡ್ಡದಾಗಿ ಮೂಡುತ್ತವೆ. ಅದೇ ನೀವು ಹಿಂದೆ ಸರಿದು ಮೂತಿಯನ್ನು 15 ಮೀಟರ್ ದೂರಕ್ಕೆ ತಂದರೆ ಬಾಲ 19 ಮೀಟರಿನಲ್ಲಿರುತ್ತದೆ. ಆಗಿನ ವ್ಯತ್ಯಾಸ ಕಾಲು ಪಟ್ಟಿನಷ್ಟು ಮಾತ್ರ. ವಿನ್ಯಾಸಕಾರರು ಉದ್ದೇಶಿಸಿದ ಅಳತೆ ಅಲ್ಲಿಂದ ಸರಿಯಾಗಿ ಕಾಣುತ್ತದೆ. ಪೂರ್ತಿ ಪಕ್ಕದ ನೋಟಕ್ಕೆ, ಕಾರಿನ ಹಿಂದುಮುಂದೆ ಒಂದೊಂದು ಮೀಟರ್ ಬಿಡುವಿರಬೇಕೆಂದರೆ, ನಿಮ್ಮ ಕ್ಯಾಮೆರಾದಲ್ಲಿ 55 ಮಿ.ಮೀ.ಗೆ ಸುಮಾರು 17 ಮೀಟರ್, 100 ಮಿ.ಮೀ.ಗೆ ಸುಮಾರು 31 ಮೀಟರ್ ಜಾಗ ಬೇಕು. ಶಿಡ್ಲಘಟ್ಟದ ಬೀದಿಯಲ್ಲಿ ಇಷ್ಟು ಜಾಗ ಸಿಗುವುದಿಲ್ಲ. ಕಾರನ್ನು ಊರಾಚೆಗೆ ಒಯ್ಯಲೇಬೇಕು. 18 ಮಿ.ಮೀ. ತುದಿಯನ್ನು ಈ ಕೆಲಸಕ್ಕೆ ಮರೆತುಬಿಡಿ. ಮೊಬೈಲೊಂದೇ ಕೈಯಲ್ಲಿದ್ದರೆ, ಅದರಲ್ಲಿ ಎರಡು ಅಥವಾ ಮೂರು ಪಟ್ಟಿನ ಪ್ರತ್ಯೇಕ ಲೆನ್ಸ್ ಇದ್ದರೆ ಅದನ್ನು ಆರಿಸಿಕೊಂಡು ಹಿಂದೆ ನಡೆಯಿರಿ.

ಜಾಗದ ಮಾತಿಗೆ ಬರೋಣ, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲಿಯೇ ಇದೆ. ನಿಮಗೆ ಬೇಕಾದದ್ದು ಪಶ್ಚಿಮದ ಕಡೆ ಬಹುದೂರ ಬಯಲಾಗಿರುವ, ನೆಲ ಸಮವಾಗಿರುವ ಸ್ಥಳ. ನಮ್ಮ ಸೀಮೆಯಲ್ಲಿ ಅದಕ್ಕೆ ಬರವಿಲ್ಲ: ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ, ಊರಾಚೆಯ ಶಾಲೆಯ ಆಟದ ಬಯಲು, ನಿವೇಶನಗಳು ಮಾರಾಟವಾಗದೆ ಉಳಿದ ಹೊಸ ಬಡಾವಣೆಯ ಟಾರು ರಸ್ತೆ. ಖಾಸಗಿ ಜಾಗವಾದರೆ ಒಡೆಯರನ್ನು ಕೇಳಿಕೊಂಡೇ ಹೋಗಿ. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಕಾರನ್ನು ಉತ್ತರ ದಕ್ಷಿಣವಾಗಿ ನಿಲ್ಲಿಸಿ. ಅದರ ಒಂದು ಮಗ್ಗುಲು ಪಶ್ಚಿಮಕ್ಕೆ ಮುಖ ಮಾಡಿರಲಿ. ಸೂರ್ಯ ಇಳಿದ ಮೇಲೆ ಪಶ್ಚಿಮದ ಆಕಾಶವೆಲ್ಲ ಒಂದು ದೊಡ್ಡ ಮೃದು ದೀಪವಾಗುತ್ತದೆ. ಆಗ ನೀವು ಪಶ್ಚಿಮಕ್ಕೆ ಬೆನ್ನು ಮಾಡಿ ಕಾರನ್ನು ನೋಡಿದರೆ, ಮಡ್‌ಗಾರ್ಡುಗಳ ಹೆಗಲಿನ ಮೇಲೆ ಆಕಾಶವೂ ಬಾಗಿಲಿನ ಕೆಳಭಾಗದಲ್ಲಿ ನೆಲವೂ ಮೂಡಿ, ಅವೆರಡೂ ಸೇರುವಲ್ಲಿ ದಿಗಂತದ ಗೆರೆ ಕಾರಿನುದ್ದಕ್ಕೂ ಹರಿಯುವುದು ಕಾಣುತ್ತದೆ. ಮುಂದಿನ ಮಡ್‌ಗಾರ್ಡಿನ ಮೇಲೆ ಅದು ಏರುತ್ತದೆ, ಬಾಗಿಲಿನಲ್ಲಿ ಇಳಿಯುತ್ತದೆ, ಹಿಂದಿನ ಮಡ್‌ಗಾರ್ಡಿನಲ್ಲಿ ಮತ್ತೆ ಏರಿ ಬಾಲದ ಕಡೆಗೆ ತೆಳ್ಳಗಾಗುತ್ತಾ ಹೋಗುತ್ತದೆ. ನೀವು ಹುಡುಕುತ್ತಿದ್ದ ಆಕಾರ ಆ ಗೆರೆಯಲ್ಲಿದೆ. ಬೆನ್ನ ಹಿಂದೆ ನೀಲಗಿರಿ ತೋಪೊಂದು ಇದ್ದರೆ ಅದೇ ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ.

ಅದು ಮುಗಿದ ಕೂಡಲೇ ಕಾರನ್ನು ಅಲುಗಿಸದೆ ನೀವೇ ಸುತ್ತಿಕೊಂಡು ಪೂರ್ವದ ಕಡೆಗೆ ಹೋಗಿ. ಈಗ ಕಾರು ನಿಮಗೂ ಬೆಳಗುವ ಆಕಾಶಕ್ಕೂ ನಡುವೆ ಇರುತ್ತದೆ. ಮಗ್ಗುಲು ಕತ್ತಲಾಗಿ, ಛಾವಣಿಯಿಂದ ಬಂಪರಿನವರೆಗಿನ ಬೆನ್ನಿನ ಅಂಚು ಮಾತ್ರ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ. ನನಗೆ ಕೇಳಿದರೆ ಈ ಕಾರಿನ ಅತ್ಯಂತ ಸತ್ಯವಾದ ಚಿತ್ರ ಇದು. ಆದರೆ ತಡ ಮಾಡುವಂತಿಲ್ಲ. ನಮ್ಮ ಅಕ್ಷಾಂಶದಲ್ಲಿ ಸಂಜೆಯ ಬೆಳಕು ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಕಷ್ಟ. ಎರಡು ಕಡೆಯೂ ಟ್ರೈಪಾಡ್ ಎಲ್ಲಿಡಬೇಕು ಎಂದು ಮೊದಲೇ ನೆಲದಲ್ಲಿ ಕಲ್ಲಿಟ್ಟು ಗುರುತು ಮಾಡಿಕೊಂಡಿರಿ.

ಮಧ್ಯಾಹ್ನದಲ್ಲಿ ಬೇಡವೇ ಬೇಡ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ಮಧ್ಯದಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಬಹುತೇಕ ನೆತ್ತಿಯ ಮೇಲೆಯೇ ಬರುತ್ತಾನೆ. ಬಾನೆಟ್ಟು, ಛಾವಣಿ ಬೆಳ್ಳಗೆ ಸುಟ್ಟುಹೋಗುತ್ತವೆ, ಮಗ್ಗುಲು ಮಸಿಯಾಗುತ್ತದೆ. ಅದಕ್ಕೆ ಬದಲಾಗಿ ಮಳೆಗಾಲದ ಮೋಡ ಮುಸುಕಿದ ದಿನ ಸಿಕ್ಕರೆ ದಿನವಿಡೀ ಕೆಲಸ ಮಾಡಬಹುದು. ಡಿಸೆಂಬರ್, ಜನವರಿಯ ಬೆಳಗಿನ ಮಂಜು ನಂದಿ ಗ್ರಾಮದ ಸುತ್ತಮುತ್ತ ದೊರಕಿದರೆ ಅದೂ ಸೊಗಸು. ಮಂಜು ಹಿನ್ನೆಲೆಯನ್ನೂ ಪ್ರತಿಬಿಂಬವನ್ನೂ ಒಟ್ಟಿಗೆ ಶುಚಿ ಮಾಡಿಕೊಡುತ್ತದೆ. ಹಿನ್ನೆಲೆಗೆ ಬೆಟ್ಟ ಬೇಕೆನಿಸಿದರೆ ಚಿಕ್ಕಬಳ್ಳಾಪುರ, ಕೋಲಾರದ ದುಂಡು ಹಾಸುಬಂಡೆಗಳಿಗಿಂತ ಒಪ್ಪುವ ಹಿನ್ನೆಲೆ ಈ ಕಾರಿಗೆ ಮತ್ತೊಂದಿಲ್ಲ. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಮೂಲೆಗಳೆಲ್ಲ ಸವೆದು ಬೋರಲು ಬಿದ್ದ ಬಾನಿಯಂತಾದ ಆ ಬಂಡೆಯ ಬೆನ್ನೂ ನಿಮ್ಮ ಕಾರಿನ ಬೆನ್ನೂ ಒಂದೇ ಜಾತಿಯವು. ಬಂಡೆಯ ಇಳಿಜಾರು ಕಾರಿನ ಇಳಿಜಾರಿನ ದಿಕ್ಕಿಗೇ ಇಳಿಯುವಂತೆ ನಿಲ್ಲಿಸಿಕೊಳ್ಳಿ. ಎದುರು ದಿಕ್ಕಿಗೆ ಇಳಿದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ.

ನೆಲವನ್ನೂ ನೋಡಿಕೊಳ್ಳಿ. ನಮ್ಮ ಕೆಂಪುಮಣ್ಣು ನೋಡುವುದಕ್ಕೆ ಚೆಲುವು, ಆದರೆ ಅದು ಬಾಗಿಲಿನ ಕೆಳಭಾಗದಲ್ಲಿ ಪ್ರತಿಬಿಂಬಿಸಿ ಕಡುಹಸಿರನ್ನು ಕೆಸರುಕಂದು ಮಾಡಿಬಿಡುತ್ತದೆ. ಬಿಳಿಯ ಅಥವಾ ಕಪ್ಪು ಕಾರಿಗೆ ಕೆಂಪು ನೆಲ ಒಪ್ಪೀತು. ನಿಮ್ಮದಕ್ಕೆ ಟಾರು ಅಥವಾ ಸಿಮೆಂಟು ನೆಲವೇ ಲೇಸು.

ನಾನು ಇದನ್ನೆಲ್ಲ ಕಲಿತದ್ದು ಒಂದು ಬೆಳಗಿನ ಶ್ರಮವನ್ನು ಪೂರ್ತಿ ಕಳೆದುಕೊಂಡು. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಗಣಿ ಅಧಿಕಾರಿಗಳಿಗಾಗಿ ಕಟ್ಟಿದ ಹಳೆಯ ಬಂಗಲೆಯೊಂದರ ಮುಂದೆ, ಪರಿಚಯದವರ ಕಪ್ಪು ಕಾರೊಂದನ್ನು ಎರಡು ಗಂಟೆ ಕಾಲ ಚಿತ್ರಿಸಿದೆ. ಹಿನ್ನೆಲೆಯಲ್ಲಿ ಕಮಾನುಗಳು, ಹೆಂಚಿನ ಮಾಡು, ಎಲ್ಲವೂ ಕಾಲಕ್ಕೆ ತಕ್ಕಂತೆ ಇದ್ದವು. ರಾತ್ರಿ ದೊಡ್ಡ ಪರದೆಯಲ್ಲಿ ನೋಡಿದಾಗ ಬಾಗಿಲಿನ ನಟ್ಟನಡುವೆ ನನ್ನ ಬಿಳಿ ಅಂಗಿ, ಟ್ರೈಪಾಡಿನ ಮೂರು ಕಾಲು, ನನ್ನ ಹಿಂದೆ ಇದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಅಚ್ಚುಕಟ್ಟಾಗಿ ಮೂಡಿದ್ದವು. ಎಲ್ಲ ಚಿತ್ರಗಳಲ್ಲೂ ಅದೇ. ಅಂದಿನಿಂದ ಈ ಕೆಲಸಕ್ಕೆ ಹೋಗುವಾಗ ಗಾಢ ಬಣ್ಣದ ಉಡುಪನ್ನೇ ತೊಡುತ್ತೇನೆ. ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲು, ಕ್ಯಾಮೆರಾ ಇಡುವ ಎತ್ತರಕ್ಕೆ ಕಣ್ಣನ್ನು ಬಗ್ಗಿಸಿಕೊಂಡು ಮೂತಿಯಿಂದ ಬಾಲದವರೆಗೆ ಒಮ್ಮೆ ನಡೆದು, ಮೈಯ ಮೇಲೆ ಏನೇನು ಮೂಡಿದೆ ಎಂದು ಒಂದೊಂದು ಗೇಣಿಗೂ ನಿಂತು ನೋಡುತ್ತೇನೆ. ಆ ಊರಿನ ವಿಷಯದಲ್ಲಿ ಇನ್ನೊಂದು ಮಾತು: ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ರಾಶಿಬಿದ್ದು ಆದ ಸೈನೈಡ್ ದಿಬ್ಬಗಳು ಅಲ್ಲಿವೆ. ಅವುಗಳ ಮಾಸಲು ಬಿಳುಪು ಕಪ್ಪು ಕಾರಿನ ಮಗ್ಗುಲಿನಲ್ಲಿ ಹಾಲಿನ ಪಟ್ಟಿಯಂತೆ ಪ್ರತಿಬಿಂಬಿಸುವುದನ್ನು ಕಂಡಿದ್ದೇನೆ. ರಸ್ತೆಯಲ್ಲಿ ದೂರ ನಿಂತೇ ಆ ಲಾಭ ಪಡೆಯಬಹುದು. ದಿಬ್ಬದ ಮೇಲೆ ಹತ್ತುವುದಾಗಲಿ, ಗಾಳಿಗೆ ಧೂಳೇಳುವ ದಿನ ಅದರ ಬಳಿ ನಿಲ್ಲುವುದಾಗಲಿ ಸರ್ವಥಾ ಕೂಡದು.

ಪೋಲರೈಸರ್ ಫಿಲ್ಟರ್ ಹಾಕಿದರೆ ಪ್ರತಿಬಿಂಬವೆಲ್ಲ ಹೋಗುತ್ತದಲ್ಲ ಎಂದು ನೀವು ಕೇಳಬಹುದು. ಬಣ್ಣ ಮತ್ತು ಗಾಜಿನ ಮೇಲಿನ ಪ್ರತಿಬಿಂಬವನ್ನು ಅದು ಕೆಲವು ಕೋನಗಳಲ್ಲಿ, ಮುಖ್ಯವಾಗಿ ಮೇಲ್ಮೈಗೆ ಸಾಕಷ್ಟು ಓರೆಯಾಗಿ ನೋಡುವಾಗ, ಕಡಿಮೆ ಮಾಡುತ್ತದೆ. ಕ್ರೋಮಿಯಂ ಲೇಪದ ಬಂಪರು, ಗ್ರಿಲ್ಲುಗಳ ಮೇಲೆ ಅದರ ಆಟ ನಡೆಯುವುದಿಲ್ಲ, ಏಕೆಂದರೆ ಲೋಹದ ಪ್ರತಿಫಲನ ಆ ರೀತಿ ಧ್ರುವೀಕರಣಗೊಳ್ಳುವುದಿಲ್ಲ. ಮುಂದಿನ ಗಾಜಿನ ಮೇಲಿನ ಹೊಳಪನ್ನು ತೆಗೆದು ಸ್ಟೇರಿಂಗ್ ಚಕ್ರ ಕಾಣುವಂತೆ ಮಾಡುವುದಕ್ಕೆ ಅದು ಉಪಯುಕ್ತ. ಆದರೆ ಫಿಲ್ಟರನ್ನು ಪೂರ್ತಿ ತಿರುಗಿಸಿ ಮೈಯ ಮೇಲಿನ ಬೆಳಕನ್ನೆಲ್ಲ ಒರೆಸಿಹಾಕಿದರೆ ಉಳಿಯುವುದು ಉಬ್ಬುತಗ್ಗಿಲ್ಲದ ಹಸಿರು ತಗಡು. ಕಂಬದ ಪ್ರತಿಬಿಂಬವನ್ನು ಕೊಲ್ಲಲು ಹೋಗಿ ಆಕಾರವನ್ನೇ ಕೊಂದಂತಾಗುತ್ತದೆ. ಆದ್ದರಿಂದ ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತಾ, ಬೆಳಕಿನ ಗೆರೆ ಮಸುಕಾಗತೊಡಗಿದ ಕೂಡಲೇ ನಿಲ್ಲಿಸಿ.

ತೊಳೆಯುವ ವಿಷಯವನ್ನು ಚಿಕ್ಕದೆಂದು ಎಣಿಸಬೇಡಿ. ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು ಗಡಸು. ಅದರಿಂದ ತೊಳೆದು ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಹನಿ ನಿಂತಲ್ಲೆಲ್ಲ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಗಾಢ ಬಣ್ಣದ ಮೇಲೆ, ಅದರಲ್ಲೂ ಸಂಜೆಯ ಓರೆ ಬೆಳಕಿನಲ್ಲಿ, ಅವು ಒಂದೊಂದೂ ಎದ್ದು ಕಾಣುತ್ತವೆ. ನೆರಳಿನಲ್ಲಿ ತೊಳೆಯಿರಿ, ಕೊನೆಯ ಒಂದೆರಡು ಬಕೆಟ್ಟು ಹಿಡಿದಿಟ್ಟ ಮಳೆನೀರೋ ಶುದ್ಧೀಕರಿಸಿದ ನೀರೋ ಆಗಿರಲಿ, ತೇವ ಆರುವ ಮೊದಲೇ ಮೆತ್ತನೆಯ ಬಟ್ಟೆಯಿಂದ ಒತ್ತಿ ಹೀರಿಸಿ. ಧೂಳು ಕೂತ ಮೈಯನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಸಣ್ಣ ಸಣ್ಣ ಗೀರುಗಳು ಬಿದ್ದು ಬೆಳಕಿನ ಗೆರೆಯ ಸುತ್ತ ಜೇಡರಬಲೆಯಂತೆ ಕಾಣುತ್ತವೆ. ಸ್ಥಳಕ್ಕೆ ಹೋದ ಮೇಲೆ ಚಕ್ರದ ಟೊಪ್ಪಿಯನ್ನೂ ಟೈರಿನ ಅಂಚನ್ನೂ ಒಮ್ಮೆ ಒರೆಸಿಕೊಂಡರೆ ಸಾಕು.

ಕ್ಯಾಮೆರಾದ ಎತ್ತರ ಪಕ್ಕದ ನೋಟಕ್ಕೆ ಬಾಗಿಲಿನ ಹಿಡಿಯ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ನಿಂತ ಎತ್ತರದಿಂದ ತೆಗೆದರೆ ಛಾವಣಿ ಹೆಚ್ಚು ಕಂಡು ಕಾರು ನೆಲಕ್ಕೆ ಅಂಟಿದಂತಾಗುತ್ತದೆ. ಪಕ್ಕದ ನೋಟದಲ್ಲಿ ಮುಂದಿನ ಚಕ್ರ ನೇರವಾಗಿರಬೇಕು. ಓರೆ ನೋಟದಲ್ಲಿ ಸ್ಟೇರಿಂಗನ್ನು ತುಸು ತಿರುಗಿಸಿ ಚಕ್ರದ ಟೊಪ್ಪಿ ನಿಮ್ಮ ಕಡೆ ನೋಡುವಂತೆ ಮಾಡಬಹುದು. ಒಂದು ಚಿತ್ರವನ್ನಾದರೂ ಏಣಿ ಹತ್ತಿ, ಹಿಂದಿನಿಂದ ಕೆಳಮುಖವಾಗಿ ತೆಗೆಯಿರಿ. ಬೆನ್ನು ಬಾಲದ ಕಡೆಗೆ ಕೆಳಗಿಳಿಯುವುದು ಮಾತ್ರವಲ್ಲ, ಎರಡೂ ಮಗ್ಗುಲಿನಿಂದ ಕಿರಿದಾಗುತ್ತಾ ಹನಿಯ ತುದಿಯಂತೆ ಕೂಡಿಕೊಳ್ಳುವುದೂ ಅಲ್ಲಿಂದ ಕಾಣುತ್ತದೆ. ನೆಲದಲ್ಲಿ ನಿಂತವರಿಗೆ ಅದು ತಿಳಿಯುವುದೇ ಇಲ್ಲ.

ಬೆಳಕಿನ ಅಳತೆಗೆ ಹೆಚ್ಚು ಮಾತು ಬೇಡ. ಗಾಢ ಬಣ್ಣದ ಕಾರು ಚೌಕಟ್ಟು ತುಂಬಿದಾಗ ಕ್ಯಾಮೆರಾ ಎಲ್ಲವನ್ನೂ ಬೆಳ್ಳಗೆ ಮಾಡಲು ನೋಡುತ್ತದೆ. ಅರ್ಧದಿಂದ ಒಂದು ಸ್ಟಾಪಿನಷ್ಟು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸಿ, ಕ್ರೋಮಿಯಂನ ಹೊಳಪು ಪೂರ್ತಿ ಸುಟ್ಟುಹೋಗದಂತೆ ನೋಡಿಕೊಳ್ಳಿ. ಎಫ್ 8, ಐಎಸ್‌ಒ 100, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಕಡತ). ಷಟರ್ ಒಂದು ಸೆಕೆಂಡಿಗೆ ಇಳಿದರೂ ನಿಂತ ಕಾರಿಗೆ ತೊಂದರೆಯಿಲ್ಲ.

ಓಡುವ ಕಾರಾದ್ದರಿಂದ ಓಡುವ ಚಿತ್ರವೂ ಒಂದು ಬೇಕು. ಇದಕ್ಕೆ ಷಟರ್ ನಿಧಾನವಾಗಿದ್ದು ಕ್ಯಾಮೆರಾವನ್ನು ಕಾರಿನೊಂದಿಗೆ ತಿರುಗಿಸಬೇಕು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ; ಸೆಕೆಂಡಿನ 30ರಲ್ಲಿ ಒಂದು ಭಾಗದಲ್ಲಿ ಸುಮಾರು 33 ಸೆಂ.ಮೀ. ಅಷ್ಟರಲ್ಲಿ ಅದರ ಚಕ್ರ ಒಂದು ಸುತ್ತಿನ ಆರನೆಯ ಒಂದು ಪಾಲಿನಷ್ಟು ಉರುಳಿರುತ್ತದೆ, ರಸ್ತೆ ಬದಿಯ ಹುಲ್ಲು ಗೆರೆಗೆರೆಯಾಗಿ ಹಿಂದಕ್ಕೆ ಹರಿದಿರುತ್ತದೆ, ನಿಮ್ಮ ಕೈ ಸರಿಸಮನಾಗಿ ತಿರುಗಿದ್ದರೆ ಮೈ ಮಾತ್ರ ಸ್ಪಷ್ಟವಾಗಿರುತ್ತದೆ. ಅದೇ ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕೆ ಇಟ್ಟರೆ ಚಕ್ರ ನಿಂತೇಹೋಗಿ ಕಾರು ರಸ್ತೆಯ ನಡುವೆ ಕೆಟ್ಟು ನಿಂತಂತೆ ಕಾಣುತ್ತದೆ. ಹತ್ತು ಸಲ ತೆಗೆದರೆ ಒಂದು ಸರಿಬರುತ್ತದೆ ಎಂಬ ಲೆಕ್ಕದಲ್ಲಿ ಹೋಗಿ. ಕಾರಿಗೆ 2021ರ ಕೇಂದ್ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಿದ್ದರೆ ಅದನ್ನು ದಿನಬಳಕೆಗಾಗಲಿ ವ್ಯಾಪಾರಕ್ಕಾಗಲಿ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ಇಂಧನ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ಅವಕಾಶ. ಹಾಗಾಗಿ ಓಡಿಸಿ ತೆಗೆಯುವ ಚಿತ್ರಕ್ಕೆ ಒಪ್ಪಿಗೆ ಪಡೆದ ಖಾಸಗಿ ಆವರಣವೇ ಸೂಕ್ತ.

ಹತ್ತಿರದ ಚಿತ್ರಗಳಲ್ಲಿ ಒಂದನ್ನು ಬಿಡಲೇಬೇಡಿ: ಹಿಂದಿನ ಮಡ್‌ಗಾರ್ಡಿನ ಮೇಲಿನ ಆ ಮೂರು ಲೋಹದ ಪಟ್ಟಿಗಳು. 55–250 ಲೆನ್ಸನ್ನು 200 ಮಿ.ಮೀ. ಆಸುಪಾಸಿಗೆ ತಂದು, ಪಟ್ಟಿಗಳ ಸಾಲಿಗೆ ಓರೆಯಾಗಿ, ಅವು ನಿಮ್ಮಿಂದ ದೂರ ಹೋಗುತ್ತಿರುವಂತೆ ನಿಂತು ನೋಡಿ. ಪ್ರತಿಯೊಂದು ಪಟ್ಟಿಯೂ ಮಡ್‌ಗಾರ್ಡಿನ ಉಬ್ಬಿನ ಜೊತೆಗೇ ಬಾಗಿರುವುದು, ಅದರ ಮೇಲಂಚಿನಲ್ಲಿ ಆಕಾಶದ ಒಂದು ಕೂದಲೆಳೆ ಕೂತಿರುವುದು, ಕೆಳಗಿನ ಬಣ್ಣದಲ್ಲಿ ಪಟ್ಟಿಯ ನೆರಳು ಇನ್ನೊಂದು ಪಟ್ಟಿಯಂತೆ ಬಿದ್ದಿರುವುದು ಕಾಣುತ್ತದೆ.

ಕೊನೆಗೆ ತಗ್ಗಿನ ಪ್ರಶ್ನೆ. ಟಿಂಕರಿಂಗ್‌ಗೆ ಕಾಯಬೇಡಿ. ಆಕಾರದ ಚಿತ್ರಗಳನ್ನೆಲ್ಲ ಬಲಮಗ್ಗುಲಿನಿಂದ ತೆಗೆಯಿರಿ. ಸಂಜೆ ಪಶ್ಚಿಮಕ್ಕೆ ಬಲಮಗ್ಗುಲು ತಿರುಗಬೇಕಾದ್ದರಿಂದ ಕಾರಿನ ಮೂತಿ ದಕ್ಷಿಣಕ್ಕಿರಲಿ. ಎಡಮಗ್ಗುಲಿನಲ್ಲಿ ಬೆಳಕಿನ ಗೆರೆ ತಗ್ಗಿನ ಬಳಿ ಬಂದು ಕೊಂಡಿಯಂತೆ ಸುತ್ತಿಕೊಳ್ಳುತ್ತದೆ, ಕಣ್ಣು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಅಳಿಸಿಹಾಕುವುದನ್ನು ನಾನು ಒಪ್ಪುವುದಿಲ್ಲ, ಇದು ಮನೆಯ ದಾಖಲೆಯೂ ಆಗಿರುವುದರಿಂದ. ಟಿಂಕರಿಂಗ್ ಮಾಡುವವರಿಗೂ ಈ ಗೆರೆಯನ್ನೇ ತೋರಿಸಿ: ಕೆಲಸ ಮುಗಿದ ಮೇಲೆ ಅದು ಬಲಮಗ್ಗುಲಿನಲ್ಲಿ ಹರಿದಂತೆಯೇ ಎಡಮಗ್ಗುಲಿನಲ್ಲಿಯೂ ಹರಿಯಬೇಕು, ಬಲಮಗ್ಗುಲಿನ ಚಿತ್ರವನ್ನು ಮುದ್ರಿಸಿ ಅವರ ಕೈಗೆ ಕೊಡಿ. ಆದರೆ ಕಾರನ್ನು ಅವರಿಗೆ ಒಪ್ಪಿಸುವ ಮೊದಲು, ಬೆಳಗಿನ ಎಳೆಬಿಸಿಲಿನಲ್ಲಿ ಆ ತಗ್ಗಿನದೇ ಒಂದು ಚಿತ್ರವನ್ನು ಹತ್ತಿರದಿಂದ ತೆಗೆದಿಟ್ಟುಕೊಳ್ಳಿ. ಅದು ತಾತನವರ ಕಾಲದಲ್ಲಿಯೇ ಬಿದ್ದದ್ದಾಗಿದ್ದರೆ, ಯಾವ ರಸ್ತೆಯಲ್ಲಿ ಏನು ತಗುಲಿ ಬಿದ್ದಿತು ಎಂದು ಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇರಬಹುದು. ಅವರನ್ನು ಕೇಳಿ, ಆ ಮಾತನ್ನು ಚಿತ್ರದ ಹಿಂಬದಿಯಲ್ಲಿ ಬರೆದಿಡಿ.